ಹೆಬ್ಬಟ್ಟಿನ ಓದುಗರು

ಸಹಿ ಮಾಡಲು ಬರುವುದು ಮನುಷ್ಯ ವಿದ್ಯಾವಂತನಾದುದರ ಗುರುತು. ವಿದ್ಯೆ ಹೆಚ್ಚಿದಷ್ಟೂ ಆ ಸಹಿಯನ್ನು ಯಾರಿಗೂ ಓದಲಾಗದಂತೆ ಗೀಚುತ್ತಾರೆ ಎಂಬುದನ್ನು ಬಿಟ್ಟರೆ ಈ ಮಾತಿನಲ್ಲಿ ದೋಷವಿಲ್ಲ.

ಕಳೆದ ತಿಂಗಳು, ನಾನು ಕೆಲಸ ಮಾಡಿ ನಿವೃತ್ತನಾದ ಬಳ್ಳಾರಿಯ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒಂದು ಸಣ್ಣ ಯಂತ್ರ. ಹೆಬ್ಬೆರಳು ಒತ್ತದೆ ಒಳಗೆ ಬಿಡುವುದಿಲ್ಲ. ನನ್ನ ಮುಂದಿದ್ದ ಇಬ್ಬರು ಡಾಕ್ಟರೇಟ್ ಪಡೆದವರು ಭಕ್ತಿಯಿಂದ ಹೆಬ್ಬಟ್ಟು ಒತ್ತಿ ಒಳಗೆ ಹೋದರು. ನನಗೆ ನಗು ಬಂತು. ಯಾಕೆಂದು ಹೇಳುತ್ತೇನೆ, ನಿಮಗೆ ಅವಸರವಿಲ್ಲದಿದ್ದರೆ. ಇದ್ದರೂ ಹೇಳುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿ ಸಹಾಯಕ. ಪತ್ರಿಕೆಗಳ ಚಂದಾ ನನ್ನ ಹೊಣೆ: ಯಾವುದು ಬಂತು, ಯಾವುದು ಅಂಚೆಯಲ್ಲೇ ಮೋಕ್ಷ ಪಡೆಯಿತು, ಯಾವುದಕ್ಕೆ ಜ್ಞಾಪನಾ ಪತ್ರ ಬರೆಯಬೇಕು. ಜ್ಞಾಪನಾ ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಉತ್ತರ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಬರುವ ಪತ್ರಿಕೆಗಳಲ್ಲಿ ಒಂದು, ಬೆಳೆಗಳ ರೋಗದ ಬಗ್ಗೆ ಲೋಕದಲ್ಲೆಲ್ಲ ನಡೆದ ಸಂಶೋಧನೆಯನ್ನು ನಾಲ್ಕೈದು ಸಾಲಿನ ಸಾರಾಂಶ ಮಾಡಿ ಕೊಡುವ ಇಂಗ್ಲಿಷ್ ಮಾಸಿಕ. ತರಿಸಿದ ಸಸ್ಯಶಾಸ್ತ್ರದ ಮೇಷ್ಟ್ರಿಗೆ ವರ್ಗವಾಯಿತು, ಪತ್ರಿಕೆಗೆ ಆಗಲಿಲ್ಲ. ಅದನ್ನು ಮುಟ್ಟುವವರಿರಲಿಲ್ಲ. ಪ್ರತಿ ಪತ್ರಿಕೆಗೂ ರಿಜಿಸ್ಟರಿನಲ್ಲಿ ಒಂದು ಹಾಳೆ. ಓದಿದವರು ಅಲ್ಲಿ ಸಹಿ ಮಾಡಬೇಕು, ವರ್ಷವಿಡೀ ಹಾಳೆ ಖಾಲಿ ಇದ್ದರೆ ಚಂದಾ ರದ್ದು. ಇದು ಪ್ರಿನ್ಸಿಪಾಲರ ಕಾನೂನು. ಅವರು ಮೈಸೂರು ಕಡೆಯವರು, ಶಿಸ್ತಿನವರು.

ನಮ್ಮ ಗ್ರಂಥಪಾಲಕರು ಗಾದಿಲಿಂಗಪ್ಪನವರು. ಒಮ್ಮೆ ಕುರುಗೋಡಿನ ಹಂಪಮ್ಮ ಎಂಬ ಹೆಂಗಸು, ಮಗನ ಟಿ.ಸಿ. ಕೇಳಲು ಬಂದವರು, ಆಫೀಸೆಂದು ತಿಳಿದು ಗ್ರಂಥಾಲಯದೊಳಕ್ಕೆ ಬಂದರು.

“ಚೀಲದಾಗೇನೈತಿ ಯಮ್ಮಾ?” ಎಂದರು ಗಾದಿಲಿಂಗಪ್ಪನವರು.

“ಮೆಣಸಿನ ಗಿಡ, ಯಪ್ಪಾ. ಔಷಧದಂಗಡ್ಯಾಗ ತೋರ್ಸಾಕ ತಂದೀನಿ. ಎಲಿಯೆಲ್ಲ ಮುಟುರಾಕತ್ಯಾವ. ಮೂರು ಸಲ ಹೊಡದ್ವಿ, ಹೋಗವಲ್ದು.”

ಗಾದಿಲಿಂಗಪ್ಪನವರು ಎಲೆ ಮುದುಡಿದ ಆ ಗಿಡವನ್ನು ಮೇಜಿನ ಮೇಲಿಟ್ಟುಕೊಂಡು ಆ ಮಾಸಿಕದ ಧೂಳು ಹೊಡೆದರು. ಒಂದು ತಾಸು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಆಮೇಲೆ ರಿಜಿಸ್ಟರು ಮುಂದಿಟ್ಟು, ಗ್ರಂಥಾಲಯದ ಮೊಹರಿಗೆಂದು ಇಟ್ಟಿದ್ದ ನೇರಳೆ ಶಾಯಿಯ ಡಬ್ಬಿ ತೆರೆದರು.

“ಓದಿದಾತ ನೀನು, ಹೆಬ್ಬಟ್ಟು ನಂದ್ಯಾಕ?”

“ನಾ ಬರೇ ಕನ್ನಡಕ ಇದ್ದಂಗ, ಯಮ್ಮಾ. ನೋಡಿದಾಕಿ ನೀನು.”

ಸುದ್ದಿ ಬಸ್ಸು ಹತ್ತಿ ಹೋಯಿತು. ಸಿರುಗುಪ್ಪದವರು ಭತ್ತದ ಒಣ ತೆನೆ ತಂದರು, ಕೊಳಗಲ್ಲಿನವನೊಬ್ಬ ಹತ್ತಿಕಾಯಿ ತಂದ. ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬ ಹಲಗೆಯನ್ನು ಗಾದಿಲಿಂಗಪ್ಪನವರು ತೆಗೆಯಲಿಲ್ಲ. ಬಂದವರಿಗೆ ಓದು ಬಾರದ್ದರಿಂದ ಹಲಗೆಯ ಗೌರವಕ್ಕೂ ಧಕ್ಕೆಯಾಗಲಿಲ್ಲ. ಆರು ತಿಂಗಳಲ್ಲಿ ಆ ಹಾಳೆ ನೇರಳೆಹಣ್ಣಿನ ಮರದ ಕೆಳಗಿನ ನೆಲದಂತಾಯಿತು.

ಚಂದಾ ನವೀಕರಣದ ಹೊತ್ತಿಗೆ ಪ್ರಿನ್ಸಿಪಾಲರು ಅದನ್ನು ನೋಡಿದರು.

“ಏನ್ರೀ ಇದು, ಗ್ರಂಥಾಲಯಾನೋ ಮಂಡಿಯೋ? ಹೆಬ್ಬೆಟ್ಟು ಒತ್ತೋರು ಇಂಗ್ಲಿಷ್ ಜರ್ನಲ್ ಓದಿದಾರೆ ಅಂತ ನಾನು ನಂಬಬೇಕಾ? ರದ್ದು ಮಾಡಿ.”

ರದ್ದಿನ ಪತ್ರವನ್ನು ನಾನೇ ಟೈಪು ಮಾಡಿದೆ, ಮೂರು ಪ್ರತಿ, ಒಂದು ಅಕ್ಷರವೂ ತಪ್ಪಿಲ್ಲದೆ. ನನ್ನ ಶೌರ್ಯದ ಮಟ್ಟ ನಿಮಗೆ ತಿಳಿದಿರಲಿ.

ಮರುದಿನ ಗ್ರಂಥಾಲಯ ಸಮಿತಿಯ ಸಭೆ. ಪತ್ರಕ್ಕೆ ಪ್ರಿನ್ಸಿಪಾಲರ ಸಹಿಯೊಂದು ಬಾಕಿ. ಗಾದಿಲಿಂಗಪ್ಪನವರು ಹಂಪಮ್ಮನನ್ನು ಕರೆದುಕೊಂಡೇ ಒಳಗೆ ಬಂದರು. ಆಕೆ ಅಂದೇ ಊರಿಗೆ ಬಂದದ್ದು ಅಕಸ್ಮಾತ್ ಎಂದು ಅವರು ಕೊನೆಯ ತನಕ ಸಾಧಿಸಿದರು.

“ಸಹಿ ಮಾಡಿದವರೆಲ್ಲ ಓದ್ಯಾರಂತ ನಂಬ್ತೀರಿ ಸರ್. ಹೆಬ್ಬಟ್ಟಿನವರನ್ನ ಯಾಕ ನಂಬಂಗಿಲ್ಲ? ಈಕಿ ಏನು ತಿಳಕಂಡಾಳಂತ ನೀವು ಕೇಳ್ರಿ. ಆಮ್ಯಾಲ ನಿಮ್ಮ ಸಹಿ ಇರೋ ಪತ್ರಿಕಿಯೊಳಗ ಏನೈತಂತ ನಾ ಕೇಳ್ತೀನಿ.”

ನಾನು ಆ ದಿನ ಮಾಡಿದ್ದು ಒಂದೇ ಕೆಲಸ, ಅದೂ ಯಾರೂ ಹೇಳದೆ. ಪ್ರಿನ್ಸಿಪಾಲರು ಪ್ರತಿ ಸಂಚಿಕೆಗೂ ಓದಿದೆನೆಂದು ಸಹಿ ಮಾಡುತ್ತಿದ್ದ ಅರ್ಥಶಾಸ್ತ್ರದ ಪತ್ರಿಕೆಯನ್ನು ತಂದು ಮೇಜಿನ ಮೇಲಿಟ್ಟೆ. ನಾಲ್ಕು ಸಂಚಿಕೆ. ನಾಲ್ಕರ ಅಂಚೆ ಸುತ್ತುಕಾಗದವೂ ಹರಿದಿರಲಿಲ್ಲ.

ಹಂಪಮ್ಮ ತಾವೇ ಶುರು ಮಾಡಿದರು. “ಎಲಿ ಮ್ಯಾಲಕ್ಕ ಮುಟುರಿದ್ರ ಒಂದು ಹುಳ, ಕೆಳಕ್ಕ ಮುಟುರಿದ್ರ ಇನ್ನೊಂದು. ಔಷಧಾನೂ ಬ್ಯಾರೆ ಬ್ಯಾರೆ. ನಾವು ಎರಡಕ್ಕೂ ಒಂದಽ ಹೊಡದು ಬೆಳಿ ಕಳಕಂತಿದ್ವಿ.” ಆಮೇಲೆ ಆಕೆ ಸುತ್ತುಕಾಗದದ ಕಡೆ ಬೆರಳು ಮಾಡಿದರು. “ಅದರಾಗೇನೈತ್ರಿ ಸಾರು?”

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ಹಾಕಿದರು. “ಮುಂದಿನ ವಿಷಯ,” ಎಂದರು. ಗಾದಿಲಿಂಗಪ್ಪನವರು ನಿವೃತ್ತರಾದ ಮೇಲೂ ಆ ಮಾಸಿಕ ಬರುತ್ತಲೇ ಇತ್ತು.

ಇನ್ನು ಆ ಯಂತ್ರ. ಅದು ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ. “ಹೊರಗಿನೋರಿಗೆ ಎಂಟ್ರಿ ಇಲ್ರಿ ಅಂಕಲ್,” ಎಂದಳು ಈಗಿನ ಗ್ರಂಥಪಾಲಕಿ. ಒಳ್ಳೆಯ ಹುಡುಗಿ, ಕೇಳಿದ್ದಕ್ಕೆ ಎಲ್ಲ ಹೇಳಿದಳು. ಪತ್ರಿಕೆಗಳೆಲ್ಲ ಈಗ ಕಂಪ್ಯೂಟರಿನೊಳಗೇ ಬರುತ್ತವಂತೆ. ಬೆಳೆರೋಗದ ಆ ಹಳೆಯ ಮಾಸಿಕವನ್ನು ಯಾರೂ ತೆರೆಯದ ಕಾರಣ ಈ ವರ್ಷ ಅದರ ಚಂದಾ ನಿಲ್ಲಿಸುತ್ತಾರಂತೆ.

ಮೊದಲಿನ ನಾನಾಗಿದ್ದರೆ ‘ಹೌದೇನಮ್ಮಾ’ ಎಂದು ಮನೆಗೆ ಬರುತ್ತಿದ್ದೆ, ಕೇಳಿದರೆ ಪತ್ರವನ್ನೂ ಟೈಪು ಮಾಡಿಕೊಡುತ್ತಿದ್ದೆ. ಈ ಸಲ ‘ಅದನ್ನು ಓದಲು ನಾನಿದ್ದೇನೆ, ಒಳಗೆ ಬಿಡುವ ತನಕ ಏಳುವುದಿಲ್ಲ’ ಎಂದು ಬಾಗಿಲಲ್ಲೇ ಒಂದು ಕುರ್ಚಿ ಎಳೆದುಕೊಂಡು ಸಂಜೆಯ ತನಕ ಕೂತೆ. ಮರುದಿನ ಎರಡು ಕುರ್ಚಿ ಬೇಕಾಯಿತು. ನಮ್ಮ ಪಕ್ಕದ ಮನೆಗೆ ಸಿರುಗುಪ್ಪದಿಂದ ಬಂದಿದ್ದ ರೈತನೊಬ್ಬ ತೊಡೆಯ ಮೇಲೆ ಭತ್ತದ ಗಿಡ ಇಟ್ಟುಕೊಂಡು ನನ್ನ ಜೊತೆ ಕೂತ.

ಮೂರನೆಯ ದಿನ ನಮ್ಮಿಬ್ಬರ ಹೆಬ್ಬೆರಳನ್ನೂ ಯಂತ್ರಕ್ಕೆ ಸೇರಿಸಲಾಯಿತು.