ಹೂವಿಗೆ ಕೊಟ್ಟ ರಜೆ

ಕಾಫಿ ಹೂವಿನ ವಾಸನೆ ಬೇಡ ಎನ್ನುವವಳು ನಮ್ಮ ಕಡೆ ಒಬ್ಬಳೇ ಇದ್ದಾಳೆ. ಹೆಸರು ಶಾಂತಕುಮಾರಿ. ಬಾಳೂರಿನಿಂದ ಸ್ವಲ್ಪ ಕೆಳಗೆ, ದೇವರಾಜ ಗೌಡರ ರೊಬಸ್ಟಾ ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಕರೆದು, ಯಾರು ಎಲ್ಲಿಗೆ ಹೋಗಬೇಕೆಂದು ಹಂಚಿ, ಸಂಜೆಯ ತನಕ ಆ ಕೆಲಸ ನಡೆಯುವಂತೆ ನೋಡಿಕೊಳ್ಳುವವರನ್ನು ಇಲ್ಲಿ ರೈಟರ್ ಎನ್ನುತ್ತಾರೆ. ಆ ಜಾಗಕ್ಕೆ ಹೆಂಗಸರನ್ನು ಹಾಕುವ ರೂಢಿ ನಮ್ಮ ಸುತ್ತಿನಲ್ಲಿ ಇರಲಿಲ್ಲ. ಅವಳು ಅಲ್ಲಿಗೆ ಬಂದದ್ದು ಹೇಗೆಂದು ನನಗೆ ಗೊತ್ತು. ನಮ್ಮಿಬ್ಬರ ಮನೆಗೂ ಬೇಲಿ ಒಂದೇ. ಕಂಡದ್ದು ಸ್ವಲ್ಪ, ಕೇಳಿದ್ದು ಹೆಚ್ಚು.

ಅವಳಿಗೆ ತಲೆನೋವು ಶುರುವಾದದ್ದು ಪಿಯುಸಿ ಓದುವಾಗ. ಮೊದಲು ಎಡಗಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಕುಣಿಯುತ್ತದೆ. ಕಾಲು ಗಂಟೆಯಲ್ಲಿ ಬೆಳಕು ಹೋಗಿ ಅರ್ಧ ತಲೆ ಹಿಡಿದುಕೊಳ್ಳುತ್ತದೆ. ಆಮೇಲೆ ವಾಂತಿ. ಪಾತ್ರೆಯ ಸದ್ದು, ಒಗ್ಗರಣೆಯ ಘಾಟು, ಬಾಗಿಲ ಸಂದಿಯ ಬಿಸಿಲು, ಯಾವುದೂ ಆಗುವುದಿಲ್ಲ. ಒಂದು ದಿನ, ಕೆಲವು ಸಲ ಎರಡು ದಿನ. ಮೂಡಿಗೆರೆಯ ಡಾಕ್ಟರು ಮೈಗ್ರೇನ್ ಎಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆಯಿಂದ ನೋವಿನ ಹೊತ್ತು ಕಡಿಮೆಯಾಯಿತು, ನೋವು ಬರುವುದು ನಿಲ್ಲಲಿಲ್ಲ. ಮದುವೆಯಾದ ಮೇಲೆ ಅವಳ ಅತ್ತೆ ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತರು. ನಾನೂ ದೀಪ ಹಚ್ಚುವಾಗ ಅವಳ ಹೆಸರು ಸೇರಿಸಿ ಕೈ ಮುಗಿದೆ. ವಾಸಿಯಾಗಲಿ ಎಂದು ಎಷ್ಟೋ ವರ್ಷ ಕೇಳಿಕೊಂಡೆ. ಈಗ ಹಾಗೆ ಕೇಳುವುದಿಲ್ಲ. ಅವಳಿಗೆ ಗಟ್ಟಿತನ ಇರಲಿ ಎಂದಷ್ಟೇ ಕೇಳುತ್ತೇನೆ.

ಎಲ್ಲಕ್ಕಿಂತ ಕೆಟ್ಟ ನೋವು ಬರುವುದು ಕಾಫಿ ಹೂವಾದಾಗ. ತೋಟವೆಲ್ಲ ಬೆಳ್ಳಗಾಗಿ, ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವ ಆ ಎರಡು ದಿನ ಅವಳು ನೆಲಕ್ಕೆ ಬೀಳುತ್ತಾಳೆ. ಬೇರೆ ನೋವು ಯಾವಾಗ ಬರುತ್ತದೆಂದು ಅವಳಿಗೇ ತಿಳಿಯದು. ಈ ಒಂದು ನೋವಿಗೆ ಮಾತ್ರ ತಾರೀಕಿದೆ.

ಹನ್ನೊಂದು ವರ್ಷ ಅವಳು ಅದೇ ತೋಟದಲ್ಲಿ ಹಳೆಯ ರೈಟರಿಗೆ ಸಹಾಯಕಿಯಾಗಿದ್ದಳು. ನೋವು ಬಂದ ದಿನ ತಲೆನೋವೆಂದು ಒಮ್ಮೆಯೂ ಹೇಳಲಿಲ್ಲ. ಜ್ವರವಾದರೆ ಮುಟ್ಟಿ ನೋಡಬಹುದು, ಗಾಯವಾದರೆ ಕಾಣುತ್ತದೆ. ತಲೆನೋವೆಂದರೆ ಎಲ್ಲರೂ ತಮಗೂ ಇದೆ ಎನ್ನುತ್ತಾರೆ, ಕಾಫಿ ಕುಡಿದು ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಹೊಟ್ಟೆ ಕೆಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದಳು, ನೆಂಟರು ಬಂದಿದ್ದಾರೆ ಎನ್ನುತ್ತಿದ್ದಳು. ಕೊಪ್ಪದ ಒಬ್ಬ ದೊಡ್ಡಪ್ಪ ಅವಳ ಬಾಯಲ್ಲಿ ಮೂರು ಸಲ ಸತ್ತಿದ್ದರು. ಮೂರನೆಯ ಸಲ ಮೇಸ್ತ್ರಿ ಲಕ್ಕಯ್ಯನವರೇ ತಡೆದು, ಪಾಪ, ಆ ಮನುಷ್ಯನನ್ನು ಈಗಲಾದರೂ ಸುಮ್ಮನೆ ಮಲಗಲು ಬಿಡು ಎಂದಿದ್ದರಂತೆ.

ಹೋದ ವರ್ಷ ಹಳೆಯ ರೈಟರು ಮಂಡಿ ಸೋತು ಕೆಲಸ ಬಿಟ್ಟರು. ಹೂವಿನ ಕಾಲ ಮುಗಿಯುವ ತನಕ ಶಾಂತಕುಮಾರಿ ನೋಡಿಕೊಳ್ಳಲಿ, ಆಮೇಲೆ ಖಾಯಂ ಯಾರೆಂದು ತೀರ್ಮಾನಿಸುತ್ತೇನೆ ಎಂದರು ಗೌಡರು. ಕಳಸದ ಕಡೆಯ ಒಬ್ಬ ಗಂಡಸು ಆಗಲೇ ಬಂದು ಕೇಳಿ ಹೋಗಿದ್ದ. ಶಾಂತಕುಮಾರಿಗೆ ಆ ಜಾಗ ಬೇಕಿತ್ತು. ಹನ್ನೊಂದು ವರ್ಷ ಇನ್ನೊಬ್ಬರ ಹೆಸರಿನಲ್ಲಿ ತಾನೇ ಮಾಡಿದ ಕೆಲಸ ಅದು. ಅದರ ಜೊತೆಗೆ ಅವಳಿಗೆ ಇನ್ನೊಂದು ಯೋಚನೆಯೂ ಬಂತು. ಸಹಾಯಕಿಯಾಗಿ ಸುಳ್ಳು ಹೇಳಿಕೊಂಡು ಬದುಕಿದ್ದಾಯಿತು, ರೈಟರಾಗಿ ನಲವತ್ತು ಆಳುಗಳ ಮುಂದೆ ಸುಳ್ಳು ಹೇಳಿಕೊಂಡು ನಿಲ್ಲಲಾರೆ ಎಂದು ನನ್ನ ಹತ್ತಿರ ಹೇಳಿದಳು.

ರೊಬಸ್ಟಾಕ್ಕೆ ಮಳೆಗಾಗಿ ಕಾಯುವುದಿಲ್ಲ. ಫೆಬ್ರವರಿಯಲ್ಲಿ ಸ್ಪ್ರಿಂಕ್ಲರ್ ಇಟ್ಟು ನೀರು ಹಾರಿಸುತ್ತಾರೆ. ನೀರು ಬಿದ್ದು ಎಂಟು ದಿನಕ್ಕೆ ಮೊಗ್ಗು ಬಿರಿಯುತ್ತದೆ. ಆ ತೋಟದಲ್ಲಿ ಮೂರು ಬ್ಲಾಕ್. ಗುಡ್ಡದ ಬ್ಲಾಕೂ ರಸ್ತೆಯ ಬ್ಲಾಕೂ ಅವಳ ಮನೆಗೂ ಕೆಲಸದ ಜಾಗಕ್ಕೂ ದೂರ. ಆಫೀಸು, ಹಾಜರಿ ಕರೆಯುವ ಅಂಗಳ, ಗೋಡೌನು ಎಲ್ಲ ಇರುವುದು ಕೆರೆ ಬ್ಲಾಕಿನ ನಡುವೆ. ಕೆರೆ ಬ್ಲಾಕಿಗೆ ಹನ್ನೆರಡನೆಯ ತಾರೀಕು ಮೋಟರ್ ಹಾಕುವುದೆಂದು ಚಾರ್ಟ್ ಬರೆದವಳು ಅವಳೇ. ಬರೆದು ಮುಗಿಸಿ ನೇರ ಗೌಡರ ಮುಂದೆ ಹೋಗಿ ನಿಂತಳು. ಇಪ್ಪತ್ತು ಮತ್ತು ಇಪ್ಪತ್ತೊಂದು, ಎರಡು ದಿನ ತಾನು ಬರುವುದಿಲ್ಲ, ಕಾರಣ ಮೈಗ್ರೇನ್ ತಲೆನೋವು, ಆ ಎರಡು ದಿನಕ್ಕೆ ಯಾರು ಎಲ್ಲಿ ಏನು ಮಾಡಬೇಕೆಂದು ಶೀಟ್ ಬರೆದಿಡುತ್ತೇನೆ ಎಂದಳು.

ಗೌಡರು ಕೆಟ್ಟವರಲ್ಲ. ನಕ್ಕರು. "ಜ್ವರ ಬರೋ ದಿನಾನ ಎಂಟು ದಿನ ಮುಂಚೆ ಯಾರಾದ್ರೂ ಹೇಳ್ತಾರಾ ಶಾಂತಕುಮಾರಿ?"

ಅವಳು ಸತ್ಯ ಹೇಳಿದ ಮೊದಲ ದಿನವೇ ಸುಳ್ಳುಗಾತಿಯಾದಳು. ಅದರ ಮೇಲೆ ಲಕ್ಕಯ್ಯನವರು ಇನ್ನೊಂದು ಸುದ್ದಿ ತಂದರು. ಶಾಂತಕುಮಾರಿಯ ಗಂಡ ಅನಿಲ್ ಹೊರನಾಡಿಗೆ ಹೋಗುವ ಭಕ್ತರಿಗೆ ಜೀಪ್ ಓಡಿಸುತ್ತಾನೆ. ಅವನ ಚಿಕ್ಕಪ್ಪನ ಮಗನ ಮದುವೆ ಕಳಸದಲ್ಲಿ, ಅದೂ ಇಪ್ಪತ್ತನೆಯ ತಾರೀಕೇ. ಮರುದಿನ ಹಾಜರಿಯ ಅಂಗಳದಲ್ಲಿ ಹೆಂಗಸರು ಅವಳನ್ನು ಕಂಡು, ತಲೆನೋವಿಗೆ ಯಾವ ಸೀರೆ ಉಡುತ್ತೀ ಎಂದು ಕೇಳಿದರು. ಅವಳು ಹಾಜರಿ ಪುಸ್ತಕ ತೆಗೆದು ಹೆಸರು ಕರೆದಳು.

ಗೌಡರು ಒಂದು ದಾರಿ ಹೇಳಿದರು. ಇಪ್ಪತ್ತರಂದು ಬೆಳಿಗ್ಗೆ ಬಂದುಬಿಡು. ನೋವು ಬಂದರೆ ನಾನೇ ಕಣ್ಣಾರೆ ನೋಡಿ ಜೀಪಿನಲ್ಲಿ ಮನೆಗೆ ಕಳಿಸುತ್ತೇನೆ, ಮತ್ತೆ ಯಾರೂ ಮಾತಾಡುವುದಿಲ್ಲ. ಬರದಿದ್ದರೆ ಕಳಸದವನಿಗೆ ಬರಹೇಳುತ್ತೇನೆ.

ಕೇಳಿದವರಿಗೆಲ್ಲ ಅದು ನ್ಯಾಯವಾಗಿಯೇ ಕಂಡಿತು. ತೋಟದ ಹಿರಿಯ ಆಳು ಮುದ್ದಮ್ಮನವರು, ಶಾಂತಕುಮಾರಿಯನ್ನು ಮಗಳಂತೆ ಕಾಣುವವರು, ಅವರೂ ಹೋಗು ಎಂದರು. "ಒಂದ್ಸಲ ಅವ್ರ ಕಾಲ ಬುಡಕ್ಕೆ ವಾಂತಿ ಮಾಡಿ ಬಾರೆ ಮಾರಾಯ್ತಿ. ಜನ್ಮಕ್ಕೆ ಸಾಕಾಗುತ್ತೆ."

"ನನ್ನ ನೋವು ನೋಡೋಕೆ ಬರೋರಿಗೆ ನಾನು ಬೆಂಚ್ ಹಾಕಿ ಕೊಡಲ್ಲ ಮುದ್ದಮ್ಮ" ಎಂದಳು ಶಾಂತಕುಮಾರಿ.

ನನಗೂ ಆಗ ಅದು ಹಟವೆನಿಸಿತು. ಅವಳೇ ಬೇಲಿಯ ಹತ್ತಿರ ನಿಂತು ವಿವರಿಸಿದಳು. ಇಪ್ಪತ್ತರಂದು ಹೋಗಿ ಬಿದ್ದು ತೋರಿಸಿದರೆ ಮುಂದಿನ ತಿಂಗಳೂ ತೋರಿಸಬೇಕು, ಅದರ ಮುಂದಿನ ತಿಂಗಳೂ ತೋರಿಸಬೇಕು. ಯಾವ ಸಲ ಕಡಿಮೆ ಬೀಳುತ್ತೇನೋ ಆ ಸಲ ನಾಟಕ ಎನ್ನುತ್ತಾರೆ. ಬೀಳುವುದನ್ನೇ ಕೆಲಸ ಮಾಡಿಕೊಳ್ಳಲೇ?

ಹತ್ತೊಂಬತ್ತರ ಮಧ್ಯಾಹ್ನ ಆಫೀಸಿಗೆ ಹೋಗಿ ಶೀಟನ್ನು ಮೇಜಿನ ಮೇಲಿಟ್ಟಳು. ಮೊಗ್ಗುಗಳು ಆಗಲೇ ಬತ್ತಿಯಂತೆ ಉದ್ದವಾಗಿ ನಿಂತಿದ್ದವು. ಗೌಡರು ಲಕ್ಕಯ್ಯನವರಿಗೆ ಹೇಳುತ್ತಿದ್ದುದು ಪ್ರತಿ ವರ್ಷದ ಮಾತೇ: ನಾಳೆಯಿಂದ ಮೂರು ದಿನ ಕೆರೆ ಬ್ಲಾಕಿನ ಗಿಡಗಳ ನಡುವೆ ಯಾರೂ ಕಾಲಿಡಬಾರದು, ಕೊಂಬೆ ಅಲುಗಿಸಬಾರದು, ನೀರು ಬೀಳಬಾರದು. ಬಿರಿದ ಹೂವನ್ನು ಮುಟ್ಟಿದರೆ ಕಾಯಿ ಕಚ್ಚುವುದಿಲ್ಲ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಅದನ್ನು ಕೇಳುತ್ತ ನಿಂತಿದ್ದವಳು ಮಾತೆತ್ತಿದಳು. "ಸರ್, ಹೂವಿಗೆ ಮೂರು ದಿನ ರಜಾ ಕೊಡ್ತೀರಿ. ಅದು ಯಾಕೆ ಬೇಕು, ತೋರ್ಸು ಅಂತ ಯಾವತ್ತಾದ್ರೂ ಕೇಳಿದ್ದೀರಾ?"

"ಹೂವು ಫಸಲು ಕೊಡುತ್ತಲ್ಲಮ್ಮ."

"ನಾನೂ ಕೊಟ್ಟಿದ್ದೀನಿ ಸರ್. ಹನ್ನೊಂದು ವರ್ಷ. ನಾಳೆ ನಾನು ಬರಲ್ಲ."

ಲಕ್ಕಯ್ಯನವರು ಛಾವಣಿ ನೋಡಿದರಂತೆ. ಅವಳು ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು.

ಇಪ್ಪತ್ತರ ಬೆಳಿಗ್ಗೆ ಏಳಕ್ಕೆ ಗಾಳಿ ನಮ್ಮ ಕಡೆಗೇ ತಿರುಗಿತು. ಅನಿಲ್ ಮದುವೆಗೆ ಹೊರಡುವ ಮುಂಚೆ ಕಿಟಕಿಗಳ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿ, ಬಕೆಟ್ಟು, ನೀರು, ಮಾತ್ರೆ ಕೈಗೆಟುಕುವಲ್ಲಿ ಇಟ್ಟು ಹೋದ. ಉಳಿದುಕೊಳ್ಳುತ್ತೇನೆ ಎಂದವನನ್ನು ಅವಳೇ ಕಳಿಸಿದಳು. ಆಳುಗಳನ್ನೆಲ್ಲ ಶೀಟಿನಂತೆ ಗುಡ್ಡದ ಬ್ಲಾಕಿಗೆ ಕಳಿಸಿದ್ದರು, ಮುದ್ದಮ್ಮನವರು ಮಾತ್ರ ಒಂದು ಗಂಟೆ ಬಿಡುವು ಕೇಳಿ ಇವಳನ್ನು ನೋಡಿ ಹೋಗಲು ಬಂದಿದ್ದರು. ಹತ್ತೂವರೆಗೆ ಲಕ್ಕಯ್ಯನವರ ಬೈಕ್ ಬಂತು. ಬೈಕಿನ ಸದ್ದಿಗೆ ಒಳಗೆ ಅವಳು ನರಳಿದ್ದು ನಮ್ಮ ಜಗಲಿಗೆ ಕೇಳಿಸಿತು.

ಗೌಡರು ಕಳಿಸಿದ್ದಾರೆ, ಒಂದು ಸಲ ಇಣುಕಿ ನೋಡಿ ಹೋಗುತ್ತೇನೆ ಎಂದರು ಲಕ್ಕಯ್ಯನವರು. ಮುದ್ದಮ್ಮನವರು ಬಾಗಿಲ ಹತ್ತಿರವೇ ಇದ್ದರು. ಅವರ ಕೈ ಚಿಲಕದ ಮೇಲಿತ್ತು. ತೆಗೆದು ತೋರಿಸಿದರೆ ಇವಳ ಕೆಲಸ ಉಳಿಯುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ತೆಗೆಯಲಿ ಎಂದು ನಾನು ಮನಸ್ಸಿನಲ್ಲೇ ದೇವರನ್ನು ಕೇಳಿಕೊಂಡದ್ದೂ ಹೌದು.

ಒಳಗಿಂದ ಅವಳ ದನಿ ಬಂತು. ನೋವಿನಲ್ಲಿ ಅವಳಿಗೆ ಮಾತು ತೊದಲುತ್ತದೆ, ಒಂದೊಂದೇ ಶಬ್ದ ಹುಡುಕಿ ಇಡಬೇಕಾಗುತ್ತದೆ. "ಮುದ್ದಮ್ಮ. ಬಾಗಿಲು. ತೆಗೀಬೇಡಿ."

ಮುದ್ದಮ್ಮನವರು ಚಿಲಕದಿಂದ ಕೈ ತೆಗೆದರು. ಲಕ್ಕಯ್ಯನವರು ಅಂಗಳದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಒಳಗೆ ಅವಳು ವಾಂತಿ ಮಾಡಿಕೊಳ್ಳುತ್ತಿದ್ದಳು. ಅವರು ಬೈಕನ್ನು ಸ್ಟಾರ್ಟ್ ಮಾಡದೆ ತಿರುವಿನ ತನಕ ತಳ್ಳಿಕೊಂಡು ಹೋದರು.

ಇಪ್ಪತ್ತೆರಡರ ಬೆಳಿಗ್ಗೆ ಶಾಂತಕುಮಾರಿ ಎದ್ದು ಸ್ನಾನ ಮಾಡಿ ಹೊರಟಳು. ಹೂವು ಕಂದು ಬಣ್ಣಕ್ಕೆ ತಿರುಗಿತ್ತು. ಅಂಗಳದಲ್ಲಿ ಎಂದಿನಂತೆ ಆಳುಗಳು ಸೇರಿದ್ದರು. ಗೌಡರೂ ಬಂದು ನಿಂತಿದ್ದರು, ಅದು ಎಂದಿನ ರೂಢಿಯಲ್ಲ. ಅವಳು ಹಾಜರಿ ಕರೆಯಲು ಪುಸ್ತಕ ತೆಗೆದಾಗ ಅವರು ತಡೆದು, ಎಲ್ಲರೆದುರು ಲಕ್ಕಯ್ಯನವರನ್ನು ಕೇಳಿದರು, ಮೊನ್ನೆ ಹೋಗಿದ್ದೆಯಲ್ಲ, ನೋಡಿದೆಯಾ ಎಂದು.

"ನೋಡಲಿಲ್ಲ ಗೌಡ್ರೆ" ಎಂದರು ಲಕ್ಕಯ್ಯ. "ಕೇಳಿಸ್ತು."

ಗೌಡರು ತಲೆದೂಗಿದರು. ಹಾಗಿದ್ದರೆ ಸರಿ, ನೀನೇ ರೈಟರ್ ಆಗಿರು ಎಂದರು. ಬೇರೆ ಯಾರಾದರೂ ಅಲ್ಲಿಗೆ ಕೈ ಮುಗಿದು ಸುಮ್ಮನಾಗುತ್ತಿದ್ದರು. ಇವಳು ಆಗಲಿಲ್ಲ.

"ಲಕ್ಕಯ್ಯನವ್ರಿಗೆ ಏನು ಕೇಳಿಸ್ತು ಅಂತ ಕೆಲಸ ಕೊಡಬೇಡಿ ಸರ್. ಎರಡು ದಿನ ಕೆಲಸ ಹೆಂಗೆ ನಡೀತು, ಅದನ್ನ ಕೇಳಿ."

ಕೆಲಸ ಶೀಟಿನಂತೆಯೇ ನಡೆದಿತ್ತು. ಗುಡ್ಡದ ಬ್ಲಾಕಿಗೆ ಪೈಪು ಹೊತ್ತು ಮೋಟರ್ ಹಾಕಿದ್ದರು. ಕೆರೆ ಬ್ಲಾಕಿನ ಕಡೆ ಗಾಳಿ ಬೀಸಿದರೆ ಕೆಳಗಿನ ಎರಡು ಸಾಲು ಸ್ಪ್ರಿಂಕ್ಲರ್ ನಿಲ್ಲಿಸಿ ಎಂದು ಅವಳು ಬರೆದಿದ್ದಳು, ನಿಲ್ಲಿಸಿದ್ದರು. ಬಿರಿದ ಹೂವಿನ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಇದನ್ನೂ ಲಕ್ಕಯ್ಯನವರೇ ಒಪ್ಪಿಕೊಂಡು ಹೇಳಿದರು.

ಗೌಡರಿಗೆ ಸಮಾಧಾನವಾದಂತೆ ಕಂಡಿತು. ವರ್ಷಕ್ಕೆ ಎರಡು ದಿನ ತಾನೆ, ಅಷ್ಟಕ್ಕೆ ಇಷ್ಟು ಮಾತು ಬೇಕಿರಲಿಲ್ಲ ಎಂದರು.

"ಎರಡಲ್ಲ ಸರ್" ಎಂದಳು ಶಾಂತಕುಮಾರಿ. "ತಿಂಗಳಿಗೆ ಮೂರು ದಿನ, ಒಂದೊಂದ್ಸಲ ನಾಲ್ಕು. ಅದನ್ನ ಮುಂಚೆ ಹೇಳೋಕಾಗಲ್ಲ. ಇಷ್ಟು ದಿನ ಬೇರೆ ಬೇರೆ ಹೆಸರು ಹೇಳಿ ಮನೇಲಿರ್ತಿದ್ದೆ. ಇನ್ನು ಹೇಳಲ್ಲ. ತಲೆನೋವು ಅಂತಲೇ ಹೇಳ್ತೀನಿ. ಅದಾಗಲ್ಲ ಅಂದ್ರೆ ಕಳಸದವರನ್ನ ಕರೆಸಿ, ಅವ್ರಿಗೆ ಕೆಲಸ ಕಲಿಸಿಕೊಟ್ಟು ಹೋಗ್ತೀನಿ."

ಅಂಗಳದ ನಲವತ್ತು ಜನರೂ ಕೇಳಿಸಿಕೊಂಡರು. ಕೈಗೆ ಬಂದ ಕೆಲಸವನ್ನು ಇವಳೇ ತಳ್ಳಿದಳಲ್ಲ ಎಂದು ಮುದ್ದಮ್ಮನವರಿಗೆ ಅಳು ಬಂದಿತ್ತು. ಗೌಡರು ತಮ್ಮ ಕೋಲಿನ ತುದಿಯಿಂದ ನೆಲದ ಮೇಲೆ ಏನೋ ಗೀಚಿದರು. ಕೊನೆಗೆ ಅವರ ಬಾಯಿಂದ ಬಂದದ್ದು ಒಂದು ಪ್ರಶ್ನೆ.

"ಈ ಎರಡು ದಿನ ಹೇಗೋ ಆಯ್ತು. ಇನ್ನು ಮುಂದೆ ನೀನಿಲ್ಲದ ದಿನ ಹಾಜರಿ ಯಾರು ಕರೀತಾರೆ?"

ಅವಳು ಅಂಗಳವನ್ನೊಮ್ಮೆ ನೋಡಿದಳು. "ಮುದ್ದಮ್ಮ" ಎಂದಳು.

"ಅವಳಿಗೆ ಓದೋಕೆ ಬರಲ್ಲ" ಎಂದರು ಲಕ್ಕಯ್ಯ.

"ನಿನ್ನ ಹೆಸರು ಓದಬೇಕಾ ಮಾರಾಯ?" ಎಂದರು ಮುದ್ದಮ್ಮ ಮೂಗು ಒರೆಸಿಕೊಳ್ಳುತ್ತ. "ಮೂವತ್ತು ವರ್ಷದಿಂದ ಕೂಗ್ತಾನೇ ಇದ್ದೀನಿ."

ಗೌಡರು ಮೊದಲು ನಕ್ಕರು, ಆಮೇಲೆ ಉಳಿದವರು. ಲಕ್ಕಯ್ಯನವರೂ ನಕ್ಕರಂತೆ, ಸ್ವಲ್ಪ ತಡವಾಗಿ.

ಇದು ನಡೆದು ಒಂದು ವರ್ಷ ದಾಟಿತು. ಶಾಂತಕುಮಾರಿಯ ನೋವು ಹಾಗೆಯೇ ಇದೆ. ಹೋದ ಮಳೆಗಾಲದಲ್ಲಿ ಒಂದೇ ತಿಂಗಳು ಐದು ದಿನ ಮಲಗಿದಳು, ಗೌಡರು ಗೊಣಗಿದರು, ಇವಳು ಗೊಣಗಿಸಿಕೊಂಡಳು, ಕೆಲಸ ಬಿಡಲಿಲ್ಲ. ಅಂಥ ದಿನ ಅವಳ ಮನೆಯ ಕಿಟಕಿ ಮುಚ್ಚಿರುತ್ತದೆ, ನಾನೂ ನಮ್ಮ ಕಡೆ ಮಿಕ್ಸಿ ಹಾಕುವುದಿಲ್ಲ. ತೋಟದ ಅಂಗಳದಲ್ಲಿ ಮುದ್ದಮ್ಮನವರು ಪುಸ್ತಕ ಮುಟ್ಟದೆ ನಲವತ್ತು ಹೆಸರನ್ನೂ ತಪ್ಪದೆ ಕರೆಯುತ್ತಾರೆ. ಮೊದಲು ಕರೆಯುವುದು ಲಕ್ಕಯ್ಯನವರನ್ನು. ಅವರು ಹಾಜರ್ ಎನ್ನುವ ತನಕ ಮುಂದಿನ ಹೆಸರಿಗೆ ಹೋಗುವುದಿಲ್ಲ.