ಮುಚ್ಚಳ ತೆಗೆಯದ ಒಂದೂವರೆ ಗಂಟೆ

ಬೆಳಗಿನ ಐದೂವರೆ. ಗೆಂಟ್ ಬಂದರಿನ ಕಾರ್ಮಿಕರ ಊಟದ ಮನೆಯಲ್ಲಿ ಗೊಡೆಲೀವ್ ನಲವತ್ತು ಕಿಲೋ ದನದ ಮಾಂಸವನ್ನು ಬೆಣ್ಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹುರಿಯುತ್ತಿದ್ದಾರೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ. ಒಟ್ಟಿಗೇ ಸುರಿದರೆ ಮಾಂಸ ನೀರು ಬಿಡುತ್ತದೆ, ಕೆಂಪಾಗುವುದಿಲ್ಲ. ಆಮೇಲೆ ರಾಶಿ ಈರುಳ್ಳಿ, ಅದರ ಮೇಲೆ ಬೀರು, ನಾಲ್ಕೈದು ತಾಸು ಸಣ್ಣ ಉರಿ.

ಗಂಡ ಹಡಗಿನ ಹಗ್ಗ ಹರಿದು ಸತ್ತ ವರ್ಷ ಇಲ್ಲಿ ಪಾತ್ರೆ ತೊಳೆಯಲು ಸೇರಿದವರು. ಒಲೆಯ ಮುಂದೆ ಬಂದು ಇಪ್ಪತ್ತೇಳು ವರ್ಷ, ದಿನಕ್ಕೆ ನೂರ ಎಂಬತ್ತು ತಟ್ಟೆ. ಬಲ ಭುಜ ಈಗ ಮೇಲೇಳುವುದಿಲ್ಲ. ಇವತ್ತು ಊಟವಾದ ಮೇಲೆ ಕಾರ್ಮಿಕರು ಕೈ ಎತ್ತಿ ತೀರ್ಮಾನಿಸುತ್ತಾರೆ: ಈ ಅಡುಗೆಮನೆ ಇರಬೇಕೋ, ಹೊರಗಿನಿಂದ ಡಬ್ಬಿ ಊಟ ತರಿಸಬೇಕೋ.

ಒಂಬತ್ತೂವರೆಗೆ ರುಚಿ ನೋಡಿದ ಗೊಡೆಲೀವ್ ಅವರ ಮುಖ ಬಿಳಿಚಿಕೊಳ್ಳುತ್ತದೆ.

"ಅಯ್ಯೋ, ಕಹಿ!"

ಪಾತ್ರೆ ತೊಳೆಯುವ ರಿಕ್ ಓಡಿಬರುತ್ತಾರೆ. "ಯಾವ ಬೀರು ಹಾಕ್ದೆ ಲೀವಾ?"

"ಮಠದ್ದು. ಸನ್ಯಾಸಿಗಳು ಮಾಡೋದು, ದುಬಾರೀದು. ಇವತ್ತೊಂದಿನ ಒಳ್ಳೇದು ಹಾಕೋಣ ಅಂತ..."

"ಥೂ, ನಿನ್ನ ಜಂಬಕ್ಕಿಷ್ಟು! ದಿನಾ ಹಾಕೋ ಸಿಹಿ ಕಂದು ಬೀರಿಗೆ ಏನು ರೋಗ ಬಂದಿತ್ತು?"

ಬತ್ತಿದಷ್ಟೂ ಕಹಿಯಾಗುವ ಬೀರು ಅದು. ಈ ಊರಲ್ಲಿ ಹನ್ನೊಂದು ವರ್ಷ ಉಂಡ ನನಗೇ ಗೊತ್ತು, ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಯಕ್ಕೆ ಬುದ್ಧಿ ಕೈಕೊಟ್ಟಿತು.

"ಸಕ್ಕರೆ ಸುರಿ ಮಾರಾಯ್ತಿ."

"ಸುಮ್ನಿರೋ. ಸಕ್ಕರೆ ಹಾಕಿದ್ರೆ ಸಿಹಿ ಬೇರೆ, ಕಹಿ ಬೇರೆ ನಿಂತ್ಕೊಳ್ಳುತ್ತೆ."

ಗೊಡೆಲೀವ್ ಶುಂಠಿ, ಜೇನು ಹಾಕಿ ಬೇಯಿಸಿದ ಕಂದು ಬ್ರೆಡ್ಡನ್ನು ದಪ್ಪಗೆ ಕೊಯ್ದು, ಸಾಸಿವೆ ಗೊಜ್ಜು ಹಚ್ಚಿ, ಹಚ್ಚಿದ ಮುಖ ಕೆಳಗೆ ಮಾಡಿ ಮಾಂಸದ ಮೇಲೆ ಹೊದಿಸುತ್ತಾರೆ. ಮುಚ್ಚಳ ಹಾಕುತ್ತಾರೆ. ಬ್ರೆಡ್ಡು ತಾನಾಗಿ ಕರಗಿ ಇಳಿಯಬೇಕು, ಕಲಕಿದರೆ ತಳ ಹಿಡಿಯುತ್ತದೆ. ದಿನವೂ ಹೀಗೇ, ಇವತ್ತು ಕಹಿ ಮುಚ್ಚಲು ಬ್ರೆಡ್ಡು ಮೂರು ಪಟ್ಟು. ಒಂದೂವರೆ ಗಂಟೆ ತೆಗೆದು ನೋಡುವಂತಿಲ್ಲ. ಪಕ್ಕದ ಪಾತ್ರೆಯ ಕೆಂಪು ಎಲೆಕೋಸಿಗೆ ಇನ್ನೆರಡು ಬುಟ್ಟಿ ಸೇಬು ಹೆಚ್ಚಿ ಹಾಕುತ್ತಾರೆ. ರಿಕ್ ಎರಡು ಸಲ ಮುಚ್ಚಳಕ್ಕೆ ಕೈ ಹಾಕಿ ಎರಡು ಸಲವೂ ಸೌಟಿನಲ್ಲಿ ಏಟು ತಿನ್ನುತ್ತಾರೆ.

ಹನ್ನೆರಡಕ್ಕೆ ಬಡಿಸುವಾಗ ರುಚಿ ನೋಡುವ ಧೈರ್ಯ ಗೊಡೆಲೀವ್ ಅವರಿಗಿಲ್ಲ. ಬಂದರಿನವರು ಉಣ್ಣುವಾಗ ಮಾತಾಡುವುದಿಲ್ಲ. ಚೆನ್ನಾಗಿದೆ ಎನ್ನುವುದಂತೂ ಅವರ ಜಾಯಮಾನದಲ್ಲೇ ಇಲ್ಲ. ಗೊಡೆಲೀವ್ ಒಲೆಯತ್ತ ತಿರುಗಿ ನಿಂತೇ ಇದ್ದಾರೆ. ಒಂದು ಗಂಟೆಗೆ ಹೊರಗೆ ಕೈ ಎಣಿಸುವ ಸದ್ದು.

ರಿಕ್ ಬಾಗಿಲಲ್ಲಿ ನಿಲ್ಲುತ್ತಾರೆ. "ಡಬ್ಬಿಗೆ ಒಂಬತ್ತು ಕೈ. ಮಿಕ್ಕಿದ್ದೆಲ್ಲ ನಿಂಗೆ."

ಗೊಡೆಲೀವ್ ಬ್ರೆಡ್ಡಿನ ತುಂಡಿನಿಂದ ಪಾತ್ರೆಯ ತಳ ಒರೆಸಿ ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತಾರೆ. ಕಣ್ಣು ತುಂಬಿಕೊಳ್ಳುತ್ತದೆ.

"ಕಹಿ ಇನ್ನೂ ಇದೆ ಕಣೋ ರಿಕ್. ಅಷ್ಟು ಜನ ತಿಂದ್ರು, ಒಬ್ರೂ ಹೇಳ್ಲಿಲ್ಲ ನೋಡು."