ಬ್ರೆಡ್ ಆಟೋದಲ್ಲಿ ಬಂದ ಇನ್ಸ್‌ಪೆಕ್ಟರ್

ನಮ್ಮ ವೆಲಿಗಮದ ಆರೋಗ್ಯ ಇನ್ಸ್‌ಪೆಕ್ಟರ್ ರತ್ನವೀರರ ಬೈಕು ಕೆಮ್ಮುತ್ತಾ ಬಸ್ ನಿಲ್ದಾಣ ದಾಟುವಷ್ಟರಲ್ಲಿ ಊರಿನ ಹೋಟೆಲುಗಳೆಲ್ಲ ಮಡಿಯುಟ್ಟು ನಿಲ್ಲುತ್ತಿದ್ದವು. ಒಬ್ಬರಿಂದೊಬ್ಬರಿಗೆ ಫೋನ್ ಹೋಗುತ್ತಿತ್ತು. ಸಾರಿಗೆ ಮುಚ್ಚಳ, ಅಡುಗೆಯವನಿಗೆ ಟೋಪಿ, ಬೆಕ್ಕಿಗೆ ಹಿತ್ತಿಲು. ರತ್ನವೀರರಿಗೆ ಸಿಗುತ್ತಿದ್ದದ್ದು ಶುಂಠಿ ಚಹಾ ಒಂದೇ. ಆಸ್ಪತ್ರೆಯಲ್ಲಿ ಹೊಟ್ಟೆ ಹಿಡಿದುಕೊಂಡವರ ಸಾಲು ಮಾತ್ರ ಕರಗುತ್ತಿರಲಿಲ್ಲ. ಕೊನೆಗೆ, ಸುಳಿವು ಕೊಡದೆ ತಪಾಸಣೆ ಮಾಡಬೇಕೆಂದು ಕೊಲಂಬೊದಿಂದ ಆದೇಶ ಬಂತು. ಆ ಬೈಕಿನಲ್ಲಿ ಅದು ಆಗುವ ಮಾತೇ?

ಒಂದು ಸಂಜೆ ಬೈಕು ನಡುರಸ್ತೆಯಲ್ಲಿ ಕೈಕೊಟ್ಟಿತು. ಅಷ್ಟರಲ್ಲಿ ಗಿರಾಕಿಗಳನ್ನು ಕರೆಯುವ ಎಂದಿನ ಹಾಡು ಹಾಕಿಕೊಂಡು, ಬೀದಿ ಬೀದಿಯಲ್ಲಿ ಬನ್ ಮಾರುವ ಜಿನದಾಸನ ಬ್ರೆಡ್ ಆಟೋ ಬಂತು.

"ಹತ್ತಿಸಿಕೊಳ್ಳಯ್ಯ, ಲಯನೆಲ್ ಮುದಲಾಳಿ ಹೋಟೆಲ್ ತನಕ."

"ಬನ್ನಿ ಮಹತ್ತಯಾ," ಎಂದು ಜಿನದಾಸ ಸಾಹೇಬರಿಗೆ ತನ್ನ ಸೀಟಿನಲ್ಲೇ ಜಾಗ ಬಿಟ್ಟ. "ಹೊಟ್ಟೆ ಒಂಚೂರು ಒಳಗೆ ಎಳ್ಕೊಳ್ಳಿ, ಹ್ಯಾಂಡಲ್ ತಿರುಗಲ್ಲ."

ಹಾಡು ಕೇಳಿ ಹೋಟೆಲಿನಿಂದ ಮಾಲೀಕ ಲಯನೆಲ್ಲನೇ ಹೊರಗೆ ಬಂದ. "ಮೀನಿನ ಬನ್ ಕೊಡೋ ಜಿನದಾಸ. ನಮ್ಮಲ್ಲಿರೋದನ್ನ ನನಗೇ ತಿನ್ನೋಕಾಗಲ್ಲ!"

"ಯಾಕೆ ಮುದಲಾಳಿ, ನಿಮ್ಮದಕ್ಕೇನಾಗಿದೆ?" ಎನ್ನುತ್ತಾ ರತ್ನವೀರರು ಇಳಿದರು.

ಒಳಗೆ ಅನ್ನದ ಪಾತ್ರೆಗೆ ಮುಚ್ಚಿದ ಬೆಚ್ಚಗಿನ ತಟ್ಟೆಯ ಮೇಲೆ ಬೆಕ್ಕು ನಿದ್ದೆ ಹೊಡೆಯುತ್ತಿತ್ತು. ಮೊನ್ನೆಯ ಕೋಳಿ ಸಾರು ಇವತ್ತು ರೊಟ್ಟಿ ಕೊಚ್ಚಿ ಮಾಡುವ ಕೊತ್ತು ರೊಟ್ಟಿಗೆ ಬೆರೆಯಲು ಕಾಯುತ್ತಿತ್ತು.

"ಬೆಕ್ಕು ನಮ್ದಲ್ಲ ಮಹತ್ತಯಾ, ಪಕ್ಕದ ಮನೇದು."

"ಸಾರು?"

ಲಯನೆಲ್ ಸಾರಿನ ಮೇಲೆ ಮುಚ್ಚಳ ಎಳೆದ.

ಕೋರ್ಟು ದಂಡ ಹಾಕಿ, ಎರಡು ವಾರ ಬಾಗಿಲು ಮುಚ್ಚಿಸಿತು. ಅಲ್ಲಿಂದಾಚೆಗೆ ಬ್ರೆಡ್ ಹಾಡು ಕೇಳಿದರೆ ಸಾಕು, ಹೋಟೆಲಿನವರು ಪೊರಕೆ ಹಿಡಿಯತೊಡಗಿದರು.

"ನನ್ನ ಬನ್ ಕೇಳೋರೇ ಇಲ್ಲ ಮಹತ್ತಯಾ!" ಎಂದು ಜಿನದಾಸ ಗೋಳಾಡಿಕೊಂಡು ಬಂದ. ರತ್ನವೀರರು ಅವನ ಗಾಜಿನ ಪೆಟ್ಟಿಗೆಗೆ ಕಣ್ಣು ಹಾಯಿಸಿದರು. "ನೊಣಗಳು ಕೇಳ್ತಾ ಇವೆಯಲ್ಲಯ್ಯ," ಎಂದು ಅವನಿಗೂ ಒಂದು ನೋಟಿಸ್ ಬರೆದುಕೊಟ್ಟರು.

ಆಮೇಲೆ ಅವರು ಮೀನಿನ ಲಾರಿಯಲ್ಲಿ ಬಂದರು, ಮದುವೆ ದಿಬ್ಬಣದ ಜೊತೆ ಬಂದರು, ಒಮ್ಮೆ ಹೆಂಡತಿಯ ಹೂವಿನ ಛತ್ರಿಯ ಮರೆಯಲ್ಲಿ ನಡೆದೇ ಬಂದರು. ಯಾವಾಗ ಬರುತ್ತಾರೋ ತಿಳಿಯದೆ ಲಯನೆಲ್ ದಿನಾ ಅಡುಗೆಮನೆ ತೊಳೆಸುವುದನ್ನು ರೂಢಿ ಮಾಡಿಕೊಂಡ. ಮಿಕ್ಕ ಸಾರನ್ನು ಬೈದುಕೊಳ್ಳುತ್ತಲೇ ಚೆಲ್ಲಿಸಿದ.

ಒಂದು ಭಾನುವಾರ ರತ್ನವೀರರು ಹೆಂಡತಿಯೊಡನೆ ಅಲ್ಲಿಗೆ ಊಟಕ್ಕೆ ಬಂದು ಕೂತರು. ಮತ್ತೊಂದು ಸೌಟು ಸಾರು ಕೇಳಿದಾಗ ಲಯನೆಲ್ ಸೌಟನ್ನು ಪಾತ್ರೆಗೇ ವಾಪಸ್ ಇಟ್ಟ.

"ಇದು ಪರೀಕ್ಷೆಗೆ ಕಳಿಸೋಕಾ ಮಹತ್ತಯಾ?"

"ತಿನ್ನೋಕೆ ಕಣಯ್ಯ. ಹಾಕು."